ಹನ್ನೆರಡು ಬಸ್ಸು, ಹದಿನೆಂಟು ಗಜ

ಗಜಕೋಲು ಮೇಷ್ಟ್ರ ಬ್ಯಾಂಡನ್ನು ಕೊನೆತನಕ ಕೂತು ಕೇಳಿದವರು ಆ ಊರಲ್ಲಿ ಇಬ್ಬರೇ ಇಬ್ಬರು. ಒಬ್ಬಳು ಅವನ ಅಕ್ಕ. ಇನ್ನೊಬ್ಬ ಪುರಭವನದ ಕಾವಲುಗಾರ. ಅವನಿಗೆ ಬೀಗ ಹಾಕಿಕೊಂಡು ಹೋಗಬೇಕಾಗಿತ್ತು, ಬೇರೆ ವಿಧಿಯಿರಲಿಲ್ಲ.

ಅಕ್ಕನಿಗೆ ಸಂಗೀತದ ಗಂಧಗಾಳಿ ಇಲ್ಲ. ಅವಳಿಗೆ ಗೊತ್ತಿದ್ದದ್ದು ಬಟ್ಟೆ. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ಇದು ಎಷ್ಟು ಒಗೆತಕ್ಕೆ ಬಾಳುತ್ತದೆ ಎಂದು ಹೇಳುವಳು. ಆದರೂ ತಮ್ಮನ ಕಾರ್ಯಕ್ರಮ ಎಲ್ಲೇ ಇರಲಿ, ಕೊನೇ ಸಾಲಿನಲ್ಲಿ ಬಾಗಿಲ ಪಕ್ಕ ಕೂರುವಳು. ಕೂತು ಗುಂಡಿ ಎಣಿಸಿದ ಹಾಗೆ ತಲೆ ಎಣಿಸುವಳು. ಮೊದಲನೇ ಸಲ ಬಂದವರು ನಲವತ್ತು, ಉಳಿದವರು ಮೂರು. ಆ ಮೂರನೆಯವನು ನಿದ್ದೆ ಮಾಡುತ್ತಿದ್ದ. ಎರಡನೇ ಸಲ ಉದ್ಯಾನದಲ್ಲಿ. ಅಲ್ಲಿ ಬೆಂಚಿನ ಕೆಳಗೆ ಮಲಗಿದ್ದ ನಾಯಿ ಕೂಡ ಎದ್ದು, ಮೈ ಕೊಡವಿ, ಒಮ್ಮೆ ತಿರುಗಿ ನೋಡಿ ಹೋಯಿತು. ಹದಿನೆಂಟು ವರ್ಷದಲ್ಲಿ ಒಂಬತ್ತು ಕಾರ್ಯಕ್ರಮ, ಒಂಬತ್ತರಲ್ಲೂ ಅದೇ ಕಥೆ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲೋ," ಎಂದು ಯಾರೋ ನೆಂಟರು ಅವನನ್ನು ಸಮಾಧಾನ ಮಾಡಲು ಬಂದರೆ, ಅಕ್ಕ ಹೊಲಿಗೆ ಮಿಷನ್ನಿನ ಮೇಲಿಂದ ತಲೆ ಎತ್ತದೆ ಹೇಳಿದಳು: "ಕೋಣ ಆಗಿದ್ರೆ ಪರವಾಗಿರಲಿಲ್ಲ. ಕೋಣ ಎದ್ದು ಹೋಗಲ್ಲ."

ತಮ್ಮನಿಗೆ ಈ ಹುಚ್ಚು ಹತ್ತಿದ್ದು ಅಪ್ಪನ ಕಾಲದಲ್ಲಿ. ಆಗ ಅವರ ಹೊಲಿಗೆ ಅಂಗಡಿಯಲ್ಲಿ ಆರು ಮಿಷನ್ನು. ಆರೂ ಕಾಲಲ್ಲಿ ತುಳಿಯುವಂಥವು, ಆರಕ್ಕೂ ಆರು ಬೇರೆ ವೇಗ. ಹೊಸ್ತಿಲಲ್ಲಿ ಕೂತು ಗುಂಡಿಯ ತೂತಿಗೆ ಕಾಜ ಹಾಕುತ್ತಿದ್ದ ತಮ್ಮ ಇದ್ದಕ್ಕಿದ್ದ ಹಾಗೆ ಸೂಜಿ ನಿಲ್ಲಿಸಿ, "ಅಕ್ಕಾ, ಈಗ ಬರುತ್ತೆ ನೋಡು. ಈಗ!" ಅನ್ನುವನು. ಆ ಕ್ಷಣಕ್ಕೆ ಆರು ಮಿಷನ್ನೂ ಒಂದೇ ಏಟಿಗೆ ಬಿದ್ದು, ಮರುಕ್ಷಣ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅಕ್ಕನಿಗೆ ಅದು ಎಂದೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿದ್ದು "ಕಾಜ ಎಷ್ಟಾಯ್ತೋ?" ಎಂಬ ಅಪ್ಪನ ಕೂಗು ಮಾತ್ರ.

ಸಂಗೀತ ಕಲಿಯಲಿ ಎಂದು ಒಬ್ಬ ಗುರುಗಳ ಹತ್ತಿರ ಕಳಿಸಿದರು. ಮೂರನೇ ದಿನಕ್ಕೆ ವಾಪಸ್ಸು ಬಂದ. "ಅವರ ಹತ್ರ ಇರೋ ಹಾಡೆಲ್ಲ ಮೊದಲೇ ಹೊಲಿದಿಟ್ಟ ಅಂಗಿ ಅಕ್ಕ. ಒಂದೂ ನನ್ನ ಮೈಗೆ ಆಗಲ್ಲ," ಅಂದ. ಗುರುಗಳೂ ಏನೋ ಅಂದಿದ್ದರು, ಅದನ್ನು ಅವನು ಮನೆಯಲ್ಲಿ ಹೇಳಲಿಲ್ಲ.

ಸ್ವರ ಬರೆಯಲು ಅವನಿಗೆ ಬಾರದು. ಬರುತ್ತಿದ್ದದ್ದು ಕಟಿಂಗ್ ಕಾಗದ ಬರೆಯಲು. ಬಟ್ಟೆ ಕತ್ತರಿಸುವ ಮೊದಲು ಖಾಕಿ ಬಣ್ಣದ ದಪ್ಪ ಕಾಗದದ ಮೇಲೆ ಬೆನ್ನು, ಎದೆ, ತೋಳು ಎಲ್ಲ ಗೆರೆ ಹಾಕಿಕೊಳ್ಳುತ್ತಾರಲ್ಲ, ಆ ಕಾಗದ. ಅವರ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ರೂಢಿ: ಬೆನ್ನಿಗೆ ಬಿಳಿ ಸೀಮೆಸುಣ್ಣ, ಎದೆಗೆ ಕೆಂಪು, ತೋಳಿಗೆ ನೀಲಿ, ಗುಂಡಿ ಬರುವ ಕಡೆ ಒಂದು ಕಪ್ಪು ಚುಕ್ಕೆ. ಬಟ್ಟೆ ಸೇರಬೇಕಾದ ಕಡೆ ಅಂಚಿಗೆ ಒಂದು ಸಣ್ಣ ಕಚ್ಚು. ತಮ್ಮ ಇದನ್ನೇ ಎತ್ತಿಕೊಂಡ. ಒಂದು ಗಜ ಕಾಗದ ಅಂದರೆ ಒಂದು ನಿಮಿಷ. ಗೆರೆ ಮೇಲೆ ಹೋದರೆ ದನಿ ಮೇಲೆ, ಇಳಿದರೆ ದನಿ ಇಳೀಬೇಕು. ಬಿಳಿ ಗೆರೆ ಕ್ಲಾರಿನೆಟ್ಟಿಗೆ, ಕೆಂಪು ತುತ್ತೂರಿಗೆ, ನೀಲಿ ಪಿಟೀಲಿಗೆ, ಕಪ್ಪು ಚುಕ್ಕೆ ಡ್ರಮ್ಮಿಗೆ. ಕಚ್ಚು ಬಂದ ಕಡೆ ಎಲ್ಲರೂ ಗಪ್‌ಚಿಪ್. ಕಾಗದದ ಸುರುಳಿ ಮಾರಾಟಕ್ಕೆ ಬರುತ್ತಿದ್ದದ್ದೇ ಹದಿನೆಂಟು ಗಜ, ಆದ್ದರಿಂದ ಅವನ ಒಂದೊಂದು ಹಾಡೂ ಹದಿನೆಂಟು ನಿಮಿಷ.

ಬ್ಯಾಂಡಿಗೆ ಜನ ಸಿಕ್ಕಿದ್ದೂ ಅಳತೆ ಕೊಡಲು ಬಂದವರ ಪೈಕಿಯೇ. ಬಸ್ ಡಿಪೋದ ಮೆಕ್ಯಾನಿಕ್ ತುತ್ತೂರಿ. ಬೇಕರಿಯವನು ಹೆಗಲಿಗೆ ನೇತುಹಾಕಿಕೊಳ್ಳುವ ಡ್ರಮ್ಮು. ನಿವೃತ್ತರಾದ ಭೂಗೋಳದ ಮೇಷ್ಟ್ರು ಪಿಟೀಲು. ಕ್ಲಾರಿನೆಟ್ಟು ಆಸ್ಪತ್ರೆಯ ನರ್ಸಮ್ಮನದು. ಅವಳು ಯೂನಿಫಾರಂ ಅಳತೆ ಕೊಡಲು ಬಂದವಳು ಮೂರು ಸಲ ಸೊಂಟ ಸಡಿಲ, ತೋಳು ಬಿಗಿ ಎಂದು ಮತ್ತೆ ಮತ್ತೆ ಬಂದು, ನಾಲ್ಕನೇ ಸಲ ತಮ್ಮನನ್ನು ಮದುವೆಯಾದಳು. ತಮ್ಮ ಮಾತ್ರ ಏನೂ ನುಡಿಸುವುದಿಲ್ಲ. ಗಜಕೋಲು ಹಿಡಿದು, ಮೇಜಿನ ಮೇಲೆ ಹಾಸಿದ ಕಾಗದದ ಗೆರೆಯ ಜತೆ ಕೋಲಿನ ತುದಿ ಓಡಿಸುತ್ತಾ ನಡೆಯುವನು. ನುಡಿಸುವವರು ಕಾಗದ ನೋಡುತ್ತಾ ಅವನ ಹಿಂದೆ ನಡೆಯುವರು. ಊರು ಅವನಿಗೆ ಗಜಕೋಲು ಮೇಷ್ಟ್ರು ಎಂದು ಹೆಸರಿಟ್ಟಿದ್ದು ಹೀಗೆ. ಉದ್ದಕ್ಕೆ ಸಣ್ಣಗೆ ಇದ್ದದ್ದೂ ಅದಕ್ಕೆ ಕೂಡಿಬಂತು.

ಪುರಭವನ ರಿಪೇರಿಯಾಗಿ ಮತ್ತೆ ಬಾಗಿಲು ತೆರೆಯುವ ಸಮಯ ಬಂದಾಗ ತಮ್ಮನಿಗೆ ಐವತ್ತೆರಡು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ ಅಂದ:

"ಅಕ್ಕ, ಇನ್ನೊಂದೇ ಒಂದು ಸಲ. ಜನ ಕೊನೆತನಕ ಕೂತರೆ ಸರಿ. ಈ ಸಲನೂ ಎದ್ದು ಹೋದ್ರೆ ಬ್ಯಾಂಡು ಮುಚ್ಚಿಬಿಡ್ತೀನಿ. ಮಿಷನ್ನೇ ತುಳೀತೀನಿ."

ಹದಿನೆಂಟು ವರ್ಷದಿಂದ ಅಕ್ಕ ಕಾಯುತ್ತಿದ್ದ ಮಾತು ಅದು. ಕೇಳಿದರೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ತಮ್ಮ ಬರೀ ಮಿಷನ್ನು ತುಳಿಯುವುದನ್ನು ಅವಳು ಕಣ್ಣಮುಂದೆ ತಂದುಕೊಂಡಳು. ಕಾಜ ಹಾಕುತ್ತಾ ಯಾವತ್ತೂ "ಈಗ ಬರುತ್ತೆ ನೋಡು" ಅನ್ನದ ತಮ್ಮ. ನರ್ಸಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ನೀರು ಕುಡಿದು, "ಆಯ್ತು, ಪುರಭವನದಲ್ಲೇ ಮಾಡು," ಅಂದಳು.

"ಪುರಭವನದವರು ನನ್ನನ್ನ ಕರೀಬೇಕಲ್ಲ?"

"ಕರೀತಾರೆ."

ನಗರಸಭೆಯ ಅಧ್ಯಕ್ಷರು ಉದ್ಘಾಟನೆಗೆ ಹೊಸ ಕೋಟು ಹೊಲಿಸುತ್ತಿದ್ದದ್ದು ಅವಳ ಹತ್ತಿರವೇ. ದೊಡ್ಡ ಆಸಾಮಿ, ಟೇಪು ಸುತ್ತಿ ಬರಲು ಒಂದು ಪ್ರಯಾಣವೇ ಮಾಡಬೇಕು. ಕೋಟಿನ ಅಳತೆ ನೋಡಲು ಅವರು ಬಂದ ದಿನ ಅಕ್ಕ ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಎರಡೂ ಕೈ ಎತ್ತಿಸಿ, ಕಂಕುಳು, ಕತ್ತು, ಪಕ್ಕೆ ಎಂದು ಮೂವತ್ತು ಗುಂಡುಸೂಜಿ ಚುಚ್ಚಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಅಲ್ಲಾಡಬೇಡಿ ಸ್ವಾಮಿ. ಸೂಜಿ ಒಳಗಡೆ ಇದೆ. ಉದ್ಘಾಟನೆ ದಿನ ನನ್ನ ತಮ್ಮನ ಬ್ಯಾಂಡು ಇಟ್ಟುಕೊಳ್ಳಿ."

"ಆ ಗಜಕೋಲಾ? ಅಯ್ಯೋ ತಾಯಿ, ಜನ ಎದ್ದು ಹೋಗ್ತಾರೆ. ಹೊಸ ಕುರ್ಚಿ ಬೇರೆ!"

"ಹದಿನೆಂಟೇ ನಿಮಿಷ. ಉಸಿರು ಜೋರಾಗಿ ಎಳ್ಕೋಬೇಡಿ, ಎಡಗಡೆ ಪಕ್ಕೆ ಹತ್ರ ಒಂದು ಉದ್ದದ್ದಿದೆ."

ಅಧ್ಯಕ್ಷರು ಉಸಿರು ಹಿಡಿದುಕೊಂಡೇ ಯೋಚಿಸಿದರು. ಅವರೂ ಜನರನ್ನು ಕಂಡವರು, ಸುಮ್ಮನೆ ಸೋಲುವವರಲ್ಲ. "ಆಗಲಿ. ಒಂದು ಷರತ್ತು. ಅರ್ಧ ಜನ ಎದ್ದರು ಅಂದ್ರೆ ಕಾವಲುಗಾರನ ಕೈಲಿ ಗಂಟೆ ಹೊಡೆಸಿಬಿಡ್ತೀನಿ. ಗಂಟೆ ಆಯ್ತು ಅಂದ್ರೆ ನಿಮ್ಮ ತಮ್ಮ ಕೋಲು ಮಡಚಬೇಕು."

"ಕೋಲು ಮಡಚೋಕಾಗಲ್ಲ ಸ್ವಾಮಿ, ಮರದ್ದು. ಆದ್ರೆ ನಿಲ್ಲಿಸ್ತಾನೆ," ಅಂದಳು ಅಕ್ಕ. ಸೂಜಿಗಳನ್ನು ಒಂದೊಂದಾಗಿ ತೆಗೆದಳು.

ಆ ದಿನಗಳಲ್ಲಿ ಅಂಗಡಿಯಲ್ಲಿ ಇನ್ನೊಂದು ದೊಡ್ಡ ಕೆಲಸ ಇತ್ತು. ಬಸ್ ಡಿಪೋದ ಹನ್ನೆರಡು ಡ್ರೈವರುಗಳಿಗೆ ಚಳಿಗಾಲದ ಜಾಕೆಟ್ಟು. ಬೇರೆ ಅಂಗಡಿಯವರಾದರೆ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಅಳತೆಯಲ್ಲಿ ಹೊಲಿದು ಕೈತೊಳೆದುಕೊಳ್ಳುತ್ತಿದ್ದರು. ಅಕ್ಕ ಹಾಗಲ್ಲ. ಡಿಪೋಗೆ ಹೋಗಿ ಹನ್ನೆರಡು ಜನರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರದೂ ಅಳೆದು ಬಂದಳು. ಹೆಸರು ಕೇಳಲಿಲ್ಲ, ಊರಲ್ಲಿ ಯಾರೂ ಡ್ರೈವರುಗಳ ಹೆಸರು ಕೇಳುವುದಿಲ್ಲ. ಏಳನೇ ನಂಬರಿನವರು, ಮೂರನೇ ನಂಬರಿನವರು, ಅಷ್ಟೇ. ಬಟ್ಟೆ ಉಳಿಸಲು ಹನ್ನೆರಡು ಜಾಕೆಟ್ಟಿನ ಬೆನ್ನು, ಎದೆ, ತೋಳನ್ನೂ ಒಂದೇ ಹದಿನೆಂಟು ಗಜದ ಕಾಗದದಲ್ಲಿ ಒಂದರ ಹಿಂದೆ ಒಂದು ಬರೆದಿಟ್ಟಳು. ಒಂದೊಂದರ ಮೇಲೂ ಬಸ್ಸಿನ ನಂಬರು.

ಹೀಗೆ ಕಪಾಟಿನಲ್ಲಿ ಎರಡು ಸುರುಳಿ. ತಮ್ಮನ ಹಾಡಿನ ಕಾಗದಕ್ಕೆ ಕೆಂಪು ಪಟ್ಟಿ, ಬಟ್ಟೆಯ ಕಾಗದಕ್ಕೆ ಬಿಳಿ ಪಟ್ಟಿ ಕಟ್ಟುವುದು ಅಂಗಡಿಯ ಕಾನೂನು. ಆ ಕಾನೂನು ಮಾಡಿದವಳೂ ಅಕ್ಕ, ಮುರಿದವಳೂ ಅಕ್ಕ. ಕಾರ್ಯಕ್ರಮದ ಹಿಂದಿನ ಸಂಜೆ ಅವಳಿಗೆ ಮನಸ್ಸು ನಿಲ್ಲಲಿಲ್ಲ. ತಮ್ಮನ ಕೊನೇ ಕಾಗದವೋ ಏನೋ, ಸುಕ್ಕು ಇರಬಾರದು ಎಂದು ಇಸ್ತ್ರಿಪೆಟ್ಟಿಗೆ ಕಾಯಿಸಿ, ಪಟ್ಟಿ ಬಿಚ್ಚಿ, ಕಾಗದವನ್ನು ತಿರುಗಿಸಿ ಹಾಕಿ, ಹಿಂಬದಿಯಿಂದ ಮೆಲ್ಲಗೆ ಇಸ್ತ್ರಿ ಎಳೆದಳು. ಬಿಸಿ ಇನ್ನೂ ಇತ್ತು, ಜಾಕೆಟ್ಟಿನ ಕಾಗದವನ್ನೂ ಬಿಚ್ಚಿ ಎಳೆದಳು. ಹಿಂಬದಿ ಮೇಲಾಗಿದ್ದಾಗ ಎರಡೂ ಬರೀ ಖಾಕಿ. ಸುತ್ತಿ ಕಟ್ಟುವಾಗ ಕಣ್ಣಲ್ಲಿ ಏನೋ ಬಿದ್ದ ಹಾಗಾಗಿತ್ತು, ಬಿದ್ದದ್ದು ಧೂಳಲ್ಲ.

ಮರುದಿನ ನಾಲ್ಕು ಗಂಟೆಗೆ ಪುರಭವನ ತುಂಬಿತ್ತು. ಅಕ್ಕ ಎಣಿಸಿದಳು: ನಾನೂರ ಹನ್ನೊಂದು. ಉಚಿತ ಪ್ರವೇಶ, ಹೊಸ ಕುರ್ಚಿ, ಹೊಸ ಫ್ಯಾನು. ಡಿಪೋದವರೆಲ್ಲ ತಮ್ಮ ಮೆಕ್ಯಾನಿಕ್ ನುಡಿಸುತ್ತಾನೆ ಎಂದು ಯೂನಿಫಾರಂನಲ್ಲೇ ಬಂದು ಒಂದು ಸಾಲು ಹಿಡಿದಿದ್ದರು. ನಡುವಿನ ಓಣಿಯಲ್ಲಿ, ಬಾಗಿಲಿನಿಂದ ವೇದಿಕೆಯ ಮೆಟ್ಟಿಲವರೆಗೆ, ಶಾಲೆಯ ಡೆಸ್ಕುಗಳನ್ನು ಜೋಡಿಸಿ ಹದಿನೆಂಟು ಗಜದ ಮೇಜು ಮಾಡಿದ್ದರು. ಬ್ಯಾಂಡು ಬಾಗಿಲ ಹತ್ತಿರ ಶುರುಮಾಡಿ ವೇದಿಕೆಯಲ್ಲಿ ಮುಗಿಸಬೇಕು.

"ದಾರಿ ಮುಚ್ಚಿದ್ದಾರೆ ನೋಡು, ನಾವು ಓಡಿ ಹೋಗಬಾರದು ಅಂತ," ಎಂದು ಅಕ್ಕನ ಮುಂದಿನ ಸಾಲಿನ ಹೆಂಗಸು ಗಂಡನಿಗೆ ಹೇಳಿದಳು.

"ಪಕ್ಕದ ಬಾಗಿಲಿದೆ ಬಿಡೇ. ನಾನು ನೋಡಿಕೊಂಡೇ ಕೂತಿದೀನಿ," ಅಂದ ಗಂಡ.

ಭಾಷಣ ಮುಗಿಯಿತು. ಅಧ್ಯಕ್ಷರು ಹೊಸ ಕೋಟಿನಲ್ಲಿ ಮೊದಲ ಸಾಲಿನಲ್ಲಿ ಕೂತರು. ಕಾವಲುಗಾರ ಗೋಡೆಗೆ ಒರಗಿ, ಗಂಟೆಯ ಹಗ್ಗ ಕೈಯಲ್ಲಿ ಹಿಡಿದು ನಿಂತ. ತಮ್ಮ ಕೆಂಪು ಪಟ್ಟಿ ಬಿಚ್ಚಿ, ಸುರುಳಿಯನ್ನು ಮೇಜಿನ ಉದ್ದಕ್ಕೂ ಉರುಳಿಸಿದ. ಇಸ್ತ್ರಿಯಾದ ಕಾಗದ, ಹಾಸಿದ ಕಡೆಯೇ ಹಾಸಿಕೊಂಡಿತು. ಬೇಕರಿಯವನು ಅದನ್ನು ಹಿಡಿದುಕೊಂಡು ವೇದಿಕೆವರೆಗೆ ಓಡಿ ಬಂದ.

ಕಾಗದದ ಮೊದಲ ಗಜ ಅಕ್ಕನ ಮೊಣಕೈ ಪಕ್ಕದಲ್ಲೇ ಇತ್ತು. ನೋಡಿದಳು. ಬಿಳಿ ಗೆರೆಯಲ್ಲಿ ಒಂದು ಉದ್ದನೆಯ ಬೆನ್ನು. ಅದರ ಮೇಲೆ ಅವಳದೇ ಕೈಯ ಏಳು.

ಪಟ್ಟಿ ಅದಲುಬದಲಾಗಿತ್ತು.

ಮೆಕ್ಯಾನಿಕ್ ಬಗ್ಗಿ ನೋಡಿ, ತುತ್ತೂರಿಯ ಮರೆಯಿಂದ ಪಿಸುಗುಟ್ಟಿದ: "ಮೇಷ್ಟ್ರೇ, ಇದು ನಮ್ಮ ಏಳನೇ ನಂಬರ್ ಡ್ರೈವರ್ ಬೆನ್ನು!"

ನರ್ಸಮ್ಮ ಅಕ್ಕನ ಕಡೆ ತಿರುಗಿದಳು. ಭೂಗೋಳದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ಒರೆಸಿದ್ದರಿಂದ ಏನೂ ಬದಲಾಗಿರಲಿಲ್ಲ. ಅಕ್ಕ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು.

"ನನ್ನ ತಪ್ಪು ಕಣೋ. ಅಂಗಡಿ ಇಲ್ಲೇ ಇದೆ, ಹತ್ತು ನಿಮಿಷ. ಓಡಿ ಹೋಗಿ ತರ್ತೀನಿ."

ತಮ್ಮ ಅವಳ ಭುಜದ ಮೇಲೆ ಗಜಕೋಲಿನ ತುದಿ ಇಟ್ಟ. "ಕೂತ್ಕೋ ಅಕ್ಕ. ನೀನು ಎದ್ದರೆ ಎಲ್ಲರೂ ಏಳ್ತಾರೆ."

ನಿಜವಾದ ಮಾತು. ಒಬ್ಬರು ಎದ್ದರೆ ಸಾಕು, ಹತ್ತು ಜನರಿಗೆ ಧೈರ್ಯ ಬರುತ್ತದೆ; ಹತ್ತು ಎದ್ದರೆ ನೂರಕ್ಕೆ ನೆಪ. ಒಂಬತ್ತು ಸಲ ನೋಡಿದವಳು ಅವಳು. ಕೂತಳು.

ತಮ್ಮ ಕಾಗದವನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದ. ಬಿಳಿ ಗೆರೆ, ಕೆಂಪು ಗೆರೆ, ನೀಲಿ ಗೆರೆ, ಕಪ್ಪು ಚುಕ್ಕೆ. ಅವನ ಮುಖದಲ್ಲಿ ಏನೋ ಬದಲಾಯಿತು. ಕಾಜದ ಸೂಜಿ ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದ ಹುಡುಗನ ಮುಖ ಅದು. ಅಕ್ಕನಿಗೆ ಗುರುತು ಸಿಕ್ಕಿತು.

"ಹದಿನೆಂಟು ವರ್ಷದಿಂದ ಈ ಗೆರೆ ಓದ್ತಾ ಇದೀವಲ್ಲ," ಅಂದ ಬ್ಯಾಂಡಿನವರಿಗೆ. "ಓದಿ."

"ಜಾಕೆಟ್ಟು ಓದೋದಾ?" ಅಂದ ಬೇಕರಿಯವನು.

"ಗುಂಡಿ ಕಂಡ ಕಡೆ ಹೊಡಿ, ಸಾಕು."

ಆಮೇಲೆ ಸಭೆಗೆ ತಿರುಗಿ, ಬಸ್‌ಸ್ಟಾಂಡಿನಲ್ಲಿ ಕೂಗುವವರ ಹಾಗೆ ಗಟ್ಟಿಯಾಗಿ ಕೂಗಿದ: "ಏಳನೇ ನಂಬರ್!"

ಜನ ಅದುವರೆಗೆ ಕೆಮ್ಮುತ್ತಾ, ಪಕ್ಕದ ಬಾಗಿಲು ನೋಡುತ್ತಾ ಕೂತಿದ್ದರು. ಬಸ್ಸಿನ ನಂಬರು ಕೇಳಿದ ಕೂಡಲೇ ಏಳನೇ ನಂಬರಿನ ರಸ್ತೆಯವರೆಲ್ಲ ತಲೆ ಎತ್ತಿದರು.

ಏಳನೇ ನಂಬರಿನ ಡ್ರೈವರು ಬಿದಿರಿನ ಗಳದ ಹಾಗೆ ಉದ್ದ. ಮೂವತ್ತು ವರ್ಷ ಗೇರು ಹಾಕಿ ಹಾಕಿ ಒಂದು ಹೆಗಲು ಇನ್ನೊಂದಕ್ಕಿಂತ ಒಂದೂವರೆ ಅಂಗುಲ ಕೆಳಗೆ ಇಳಿದಿತ್ತು. ಅಕ್ಕ ಅದನ್ನು ಹಾಗೆಯೇ ಬರೆದಿದ್ದಳು. ಕ್ಲಾರಿನೆಟ್ಟು ತೆಳ್ಳಗೆ ಉದ್ದಕ್ಕೆ ಏರಿತು, ಏರಿದ ಕಡೆ ಒಂದು ಪಕ್ಕಕ್ಕೆ ವಾಲಿತು, ವಾಲಿಕೊಂಡೇ ನಡೆಯಿತು. ಹಿಂದಿನಿಂದ ನೀಲಿ ತೋಳುಗಳು ಪಿಟೀಲಿನಲ್ಲಿ ಜೋತಾಡಿದವು. ಡಿಪೋದವರ ಸಾಲಿನಲ್ಲಿ ಒಬ್ಬ ಕಂಡಕ್ಟರು ಮೊದಲು ನಕ್ಕ.

"ಲೋ, ಇದು ನೀನೇ ಕಣೋ! ನಿನ್ನ ಹೆಗಲು!"

ಏಳನೆಯವನು ತನ್ನ ಹೆಗಲು ಮುಟ್ಟಿ ನೋಡಿಕೊಂಡ. ಸಭೆಯ ಅರ್ಧ ಜನ ತಿರುಗಿ ಅವನನ್ನು ನೋಡಿದರು, ಆಮೇಲೆ ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಮತ್ತೆ ನೋಡಿದರು.

"ಮೂರನೇ ನಂಬರ್!"

ಮೂರನೆಯವನ ಹೊಟ್ಟೆ ಸ್ಟಿಯರಿಂಗಿಗೆ ಮುಂಚೆ ತಿರುವು ತೆಗೆದುಕೊಳ್ಳುತ್ತದೆ ಎಂದು ಊರಲ್ಲಿ ಮಾತು. ಮೆಕ್ಯಾನಿಕ್ ಕೆನ್ನೆ ಉಬ್ಬಿಸಿ ಕೆಂಪು ಗೆರೆ ಹಿಡಿದ. ಗೆರೆ ಹೊರಗೆ ಬಾಗುತ್ತಲೇ ಹೋಯಿತು, ಹೋಗುತ್ತಲೇ ಇತ್ತು. ತುತ್ತೂರಿ ಉಬ್ಬಿತು, ಇನ್ನೂ ಉಬ್ಬಿತು, ಮೆಕ್ಯಾನಿಕ್ಕನ ಕಣ್ಣು ಹೊರಗೆ ಬಂದವು. ಗುಂಡಿಗಳು ಡ್ರಮ್ಮಿನ ಮೇಲೆ ಈಗ ಕಿತ್ತುಬರುತ್ತೇವೆ, ಆಗ ಕಿತ್ತುಬರುತ್ತೇವೆ ಎಂದು ಬಿದ್ದವು. ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೆಯವನೂ ಹೊಟ್ಟೆ ಹಿಡಿದುಕೊಂಡೇ ನಕ್ಕ.

ಅಕ್ಕ ಎಣಿಸಿದಳು. ನಾನೂರ ಹನ್ನೊಂದು.

ಐದಾಯಿತು, ಒಂಬತ್ತಾಯಿತು. ಬ್ಯಾಂಡು ಮೇಜಿನ ಪಕ್ಕ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿಯುತ್ತಿತ್ತು. ಇಂಥ ಸಂಗೀತ ಆ ಜನ ಹುಟ್ಟಿದ ಮೇಲೆ ಕೇಳಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಕೆಲವು ಕಡೆ ಪಿಟೀಲೊಂದು ದಾರಿ, ತುತ್ತೂರಿಯೊಂದು ದಾರಿ. ಬೇರೆ ದಿನವಾಗಿದ್ದರೆ ಪಕ್ಕದ ಬಾಗಿಲು ಮುರಿದು ಹೋಗುತ್ತಿತ್ತು. ಇವತ್ತು ಯಾರೂ ಅಲ್ಲಾಡಲಿಲ್ಲ. ಯಾಕೆ ಎಂದು ಅಕ್ಕನಿಗೆ ಮುಂದಿನ ಸಾಲಿನಿಂದ ತಿಳಿಯಿತು.

"ಮನೆಗೆ ಹೋಗೋಣ್ವಾ?" ಅಂದಳು ಆ ಹೆಂಗಸು, ಗಂಡನನ್ನು ಪರೀಕ್ಷಿಸಲು.

"ಸುಮ್ನಿರೇ. ನಮ್ಮ ಬಸ್ಸು ಇನ್ನೂ ಬಂದಿಲ್ಲ."

ಅಷ್ಟೇ ಗುಟ್ಟು. ಮನುಷ್ಯನಿಗೆ ಸಂಗೀತ ಕೇಳುತ್ತಾ ಕೂರುವುದು ಗೊತ್ತಿರಲಿ ಬಿಡಲಿ, ಬಸ್ಸಿಗೆ ಕಾಯುವುದು ಗೊತ್ತಿರುತ್ತದೆ. ತನ್ನ ನಂಬರು ಬರುವತನಕ ಅವನನ್ನು ಯಾರೂ ಎಬ್ಬಿಸಲಾರರು. ಹನ್ನೆರಡು ನಂಬರಿನಲ್ಲಿ ಇಡೀ ಊರು ಬಂತು. ಕಾಯುತ್ತಾ ಕಾಯುತ್ತಾ ಬೇರೆಯವರ ಬಸ್ಸನ್ನೂ ನೋಡಬೇಕಾಗುತ್ತದೆ. ನೋಡುತ್ತಾ ನೋಡುತ್ತಾ ಕಿವಿ ಪಳಗಿತು. ಬಿಳಿ ಗೆರೆ ಏರಿದರೆ ಕ್ಲಾರಿನೆಟ್ಟು ಏರುವುದನ್ನು ಮೇಜಿನ ಪಕ್ಕದವರು ಕಂಡುಹಿಡಿದು, ಒಳಗಿನ ಸಾಲಿನವರಿಗೆ ಹೇಳಿದರು. ಕಚ್ಚು ಬರುವ ಮುಂಚೆಯೇ ಕೆಲವರು ಬಾಯಿಗೆ ಬೆರಳಿಟ್ಟು ಶ್ ಅನ್ನತೊಡಗಿದರು.

ಹತ್ತನೇ ಜಾಕೆಟ್ಟು ಆದಮೇಲೆ ಕಾಗದದಲ್ಲಿ ಒಂದು ಮೊಳ ಖಾಲಿ. ಅಲ್ಲಿ ಬಟ್ಟೆಯಲ್ಲಿ ಒಂದು ಕಲೆ ಬರುತ್ತದೆ ಎಂದು ಅಕ್ಕ ಬಿಟ್ಟಿದ್ದಳು. ತಮ್ಮ "ಹನ್ನೊಂದನೇ ನಂಬರ್!" ಎಂದು ಕೂಗಿ ಕೋಲು ಓಡಿಸಿದ. ಗೆರೆ ಇಲ್ಲ, ಆದ್ದರಿಂದ ದನಿಯೂ ಇಲ್ಲ. ಕೋಲು ಖಾಲಿ ಕಾಗದದ ಮೇಲೆ ನಿಧಾನವಾಗಿ ಹೋಗುತ್ತಿದೆ, ಬ್ಯಾಂಡು ಬಾಯಿ ಮುಚ್ಚಿ ನಡೆಯುತ್ತಿದೆ. ಇಡೀ ಸಭೆ ಕುತ್ತಿಗೆ ಚಾಚಿತು. ಬರಲಿಲ್ಲ. ಇನ್ನೂ ಬರಲಿಲ್ಲ.

ಯಾರೋ ಮೂಲೆಯಿಂದ ಕೂಗಿದರು: "ಹನ್ನೊಂದು ಯಾವತ್ತು ಟೈಮಿಗೆ ಬಂದಿದೆ!"

ಆ ನಗೆಗೆ ಹೊಸ ಫ್ಯಾನುಗಳು ಅಲ್ಲಾಡಿದವು. ಅಧ್ಯಕ್ಷರು ನಗುವಾಗ ಕೋಟಿನ ಎಡ ಪಕ್ಕೆ ತಡೆಯುತ್ತದೋ ಇಲ್ಲವೋ ಎಂದು ಅಕ್ಕ ಆ ಗಲಾಟೆಯಲ್ಲೂ ನೋಡಿದಳು. ತಡೆಯಿತು.

ಕೊನೆಯದು ಒಂದನೇ ನಂಬರು. ಆ ಡ್ರೈವರು ಊರಿಗೆ ಬಸ್ಸು ಬಂದಾಗಿನಿಂದ ಇದ್ದವರು, ಡಿಪೋದಲ್ಲಿ ಎಲ್ಲರಿಗಿಂತ ಹಿರಿಯರು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಅಳತೆ ಕೊಡುವಾಗ, "ನೆಟ್ಟಗೆ ನಿಂತ್ಕೋತೀನಿ ಅಕ್ಕಾವ್ರೇ, ಒಂದು ನಿಮಿಷ," ಎಂದು ನಿಲ್ಲಲು ನೋಡಿ ಆಗದೆ ನಕ್ಕಿದ್ದರು. "ಬೇಡ, ನೀವು ಹೇಗಿದೀರೋ ಹಾಗೇ ಇರಿ. ಬಟ್ಟೆ ನಿಮಗೆ ಬಗ್ಗಲಿ," ಎಂದು ಅಕ್ಕ ಅವರ ಬೆನ್ನಿಗೆ ಎರಡು ಅಂಗುಲ ಹೆಚ್ಚು ಬಿಟ್ಟು, ಆ ಬಾಗನ್ನು ಒಂದೇ ಗೆರೆಯಲ್ಲಿ ಕೈ ಎತ್ತದೆ ಎಳೆದಿದ್ದಳು.

ತಮ್ಮ ಆ ಗೆರೆಯ ಹತ್ತಿರ ಬಂದು ನಿಂತ. ಈ ಸಲ ಕೂಗಲಿಲ್ಲ. ಮೆಲ್ಲಗೆ ಅಂದ: "ಒಂದು."

ಬೇರೆಯವರು ವಾದ್ಯ ಇಳಿಸಿದರು. ನರ್ಸಮ್ಮ ಒಬ್ಬಳೇ ನುಡಿಸಿದಳು. ಬಿಳಿ ಗೆರೆ ಕೆಳಗಿನಿಂದ ಹೊರಟು, ಉಸಿರು ಕಡಿಯದೆ ಮೇಲೇರಿ, ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಭಾರ ಇಳಿಸುವವರ ಹಾಗೆ ಇಳಿಯಿತು. ಅಷ್ಟೇ. ಅದರಲ್ಲಿ ನಗಲು ಏನೂ ಇರಲಿಲ್ಲ, ಯಾರೂ ನಗಲಿಲ್ಲ. ಸಂಗೀತದ ಗಂಧಗಾಳಿ ಇಲ್ಲದ ಅಕ್ಕನಿಗೆ ತಾನು ಎಳೆದ ಗೆರೆ ಕೇಳಿಸಿತು. ಎಲ್ಲಿ ಸೀಮೆಸುಣ್ಣ ಸವೆದು ಗೆರೆ ತೆಳುವಾಗಿತ್ತೋ, ಅಲ್ಲಿ ಕ್ಲಾರಿನೆಟ್ಟೂ ತೆಳುವಾಯಿತು. ಅವಳ ಕೈ ಮಡಿಲಲ್ಲಿ ತಾನಾಗಿ ಆ ಬಾಗನ್ನು ಮತ್ತೆ ಬರೆಯಿತು.

ಗೆರೆ ಮುಗಿಯಿತು. ಕಾಗದ ಮುಗಿಯಿತು. ಬ್ಯಾಂಡು ವೇದಿಕೆಯ ಮೆಟ್ಟಿಲ ಮೇಲೆ ನಿಂತಿತ್ತು.

ಆಗ ಜನ ಎದ್ದರು.

ಮೊದಲು ಡಿಪೋದ ಸಾಲು, ಆಮೇಲೆ ಎಡಗಡೆಯ ಅರ್ಧ, ಆಮೇಲೆ ಬಲಗಡೆ. ಕುರ್ಚಿಗಳು ದಡದಡ ಅಂದವು. ಅಕ್ಕ ಕಣ್ಣು ಮುಚ್ಚಿಕೊಂಡಳು. ಒಂಬತ್ತು ಸಲ ಕೇಳಿದ ಸದ್ದು ಅದು, ಹತ್ತನೆಯದೂ ಆಯಿತು. ಇನ್ನು ಗಂಟೆ ಹೊಡೆಯುತ್ತದೆ ಎಂದು ಕಾದಳು. ಗಂಟೆ ಹೊಡೆಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಎದ್ದವರ ಮುಖ ಬಾಗಿಲ ಕಡೆಗಿರಲಿಲ್ಲ. ಎಲ್ಲರ ಬೆನ್ನು ಅವಳ ಕಡೆಗೆ, ನಾನೂರು ಬೆನ್ನು, ಕೈಗಳೆಲ್ಲ ತಲೆಯ ಮೇಲೆ. ಚಪ್ಪಾಳೆ. ಕಾವಲುಗಾರ ಹಗ್ಗ ಬಿಟ್ಟು ಎರಡೂ ಕೈಯಲ್ಲಿ ತಟ್ಟುತ್ತಿದ್ದ. ಒಂದನೇ ನಂಬರಿನ ಡ್ರೈವರನ್ನು ಏಳನೆಯವನೂ ಮೂರನೆಯವನೂ ಕುರ್ಚಿಯ ಮೇಲೆ ಹತ್ತಿಸಿ ನಿಲ್ಲಿಸಿದ್ದರು.

ತಮ್ಮ ಕೋಲು ಎತ್ತಿದ. ಸದ್ದು ಇಳಿಯಲು ಎರಡು ನಿಮಿಷ ಹಿಡಿಯಿತು.

"ಇದನ್ನ ಬರೆದದ್ದು ನಾನಲ್ಲ," ಅಂದ. "ಬಾಗಿಲ ಹತ್ರ ಕೂತಿದಾಳಲ್ಲ, ನಮ್ಮಕ್ಕ. ಅವಳು ಬರೆದದ್ದು. ನಾನು ಬರೆದದ್ದು ಅಂಗಡೀಲಿ ಉಳಿದುಹೋಗಿದೆ."

ನಾನೂರು ಜನ ಒಟ್ಟಿಗೆ ಹಿಂದೆ ತಿರುಗಿದರು. ಅಕ್ಕನಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯದೆ, "ಜಾಕೆಟ್ಟು ಕಣ್ರಪ್ಪಾ ಅದು, ಬರೀ ಜಾಕೆಟ್ಟು," ಅಂದಳು.

"ಹಾಗಾದ್ರೆ ಅಂಗಡೀಲಿರೋದನ್ನೂ ತನ್ನಿ!" ಎಂದು ಅಧ್ಯಕ್ಷರೇ ಎದ್ದು ನಿಂತು ಕೂಗಿದರು. "ಅದರಲ್ಲಿ ನನ್ನ ಕೋಟು ಇದೆಯಾ?"

"ಇದ್ದಿದ್ರೆ ಹದಿನೆಂಟು ಗಜ ಸಾಲ್ತಿರಲಿಲ್ಲ ಸ್ವಾಮಿ!" ಎಂಬ ಮಾತು ಅಕ್ಕನ ಬಾಯಿಂದ ಜಾರಿಬಿಟ್ಟಿತು. ಆ ದಿನದ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು ಎಂದು ಈಗಲೂ ಹೇಳುವವರಿದ್ದಾರೆ.

ಈಗ ಅಕ್ಕ ಎದ್ದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ತಮ್ಮನ ಕಾರ್ಯಕ್ರಮದ ನಡುವೆ ಎದ್ದು ಹೋದಳು; ಆ ದಿನ ಅಲ್ಲಿಯವರೆಗೆ ಹಾಗೆ ಹೋದವಳು ಅವಳೊಬ್ಬಳೇ. ಬಿಳಿ ಪಟ್ಟಿಯ ಸುರುಳಿ ಕಂಕುಳಲ್ಲಿ ಹಿಡಿದು, ಏದುಸಿರು ಬಿಡುತ್ತಾ ವಾಪಸ್ಸು ಬಂದಾಗ ಎಲ್ಲರೂ ಕೂತಿದ್ದರು. ತಮ್ಮನ ಸ್ವಂತ ಹಾಡು ಶುರುವಾಯಿತು. ಅದರಲ್ಲಿ ಹೆಸರಿಲ್ಲ, ನಂಬರಿಲ್ಲ. ಆರು ಮಿಷನ್ನುಗಳು ಆರು ವೇಗದಲ್ಲಿ ಓಡುವ ಹಾಗೆ ನಾಲ್ಕು ವಾದ್ಯ ನಾಲ್ಕು ಕಡೆ ಹೋಗಿ, ಯಾವಾಗಲೋ ಒಮ್ಮೆ ಒಂದೇ ಏಟಿಗೆ ಬೀಳುತ್ತಿದ್ದವು. ಮೊದಲ ಸಲ ಹಾಗೆ ಬಿದ್ದಾಗ ಸಭೆಯಿಂದ "ಹಾ!" ಎಂದು ಒಂದು ಉಸಿರು ಹೊರಟಿತು. ಎರಡನೇ ಸಲ ಬೀಳುವ ಮುಂಚೆ ಅಕ್ಕ ಪಕ್ಕದವರ ಮೊಣಕೈ ಹಿಡಿದು, "ಈಗ ಬರುತ್ತೆ ನೋಡಿ. ಈಗ!" ಅಂದಳು. ಬಂತು.

ಇಬ್ಬರು ಮಾತ್ರ ನಡುವೆ ಎದ್ದು 'ಕ್ಷಮಿಸಿ' ಅನ್ನುತ್ತಾ ಹೋದರು. ಅವರಿಗೆ ರೈಲು ಹಿಡಿಯಬೇಕಿತ್ತು.

ಆಮೇಲಿನದು ಊರಿಗೆಲ್ಲ ಗೊತ್ತಿದ್ದದ್ದೇ. ಗಜಕೋಲು ಬ್ಯಾಂಡು ಊರೂರು ತಿರುಗಿತು. ದೊಡ್ಡ ಸಂಗೀತಶಾಲೆಯ ಮೇಷ್ಟ್ರೊಬ್ಬರು ಅವನ ಬರವಣಿಗೆ ಕಲಿಯಲು ಬಂದರು. ಅಕ್ಕ ಅವರಿಗೆ ಮೊದಲ ವಾರ ಕಾಜ ಹಾಕಲು ಕೊಟ್ಟಳು, ಅವರು ಹಾಕಿದರು. ಹೊಸ ಊರಿಗೆ ಹೋದರೆ ತಮ್ಮ ಮೊದಲು ಅಲ್ಲಿಯ ಜನರ ಅಳತೆ ತೆಗೆದುಕೊಳ್ಳುವನು. ಅದನ್ನು ನುಡಿಸಿದ ಮೇಲೆಯೇ ತನ್ನ ಸುರುಳಿ ಬಿಚ್ಚುವನು.

ಆದರೆ ಆ ಮೊದಲ ಕಾಗದದ ಬಗ್ಗೆ ಅಕ್ಕತಮ್ಮನಿಗೆ ಮರುದಿನ ಬೆಳಗ್ಗೆಯೇ ಜಗಳ ಆಗಿತ್ತು. ಅದನ್ನು ಗಾಜು ಹಾಕಿ ಇಡಬೇಕು ಎಂದು ತಮ್ಮ. ಹನ್ನೆರಡು ಜನ ಚಳಿಯಲ್ಲಿ ನಡುಗುತ್ತಿದ್ದಾರೆ ಎಂದು ಅಕ್ಕ.

"ಇನ್ನೊಂದು ಕಾಗದದಲ್ಲಿ ಬರ್ಕೊಳ್ಳೇ ಅಕ್ಕ!"

"ಒಂದನೇ ನಂಬರಿನ ಬೆನ್ನು ಇನ್ನೊಂದು ಸಲ ನನ್ನ ಕೈಗೆ ಹಾಗೆ ಬರುತ್ತಾ?" ಅಂದಳು ಅಕ್ಕ. ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಅಂಚಿಗೆ ತೂಕ ಇಟ್ಟು, ಕಾಗದಕ್ಕೂ ಬಟ್ಟೆಗೂ ಒಟ್ಟಿಗೇ ಕತ್ತರಿ ಹಾಕಿದಳು.

ಆ ಸಂಗೀತ ಮತ್ತೆ ಯಾರ ಕೈಗೂ ಸಿಗಲಿಲ್ಲ. ಹಾಗಂತ ಕಳೆದೂ ಹೋಗಲಿಲ್ಲ. ದಿನಾ ಬೆಳಗ್ಗೆ ಆರು ಗಂಟೆಗೆ ಹನ್ನೆರಡು ಮೈ ಮೇಲೆ ಡಿಪೋದಿಂದ ಹೊರಟು ಊರೆಲ್ಲ ಸುತ್ತಿ ಬರುತ್ತದೆ. ಏಳನೇ ನಂಬರು ತಿರುವಿನಲ್ಲಿ ಕಂಡರೆ ನಿಂತವರು ತಮಗೆ ಗೊತ್ತಿಲ್ಲದೆ ಒಂದು ಹೆಗಲು ಇಳಿಸಿ ಗುನುಗುತ್ತಾರೆ. ಹನ್ನೊಂದು ಮಾತ್ರ ಈಗಲೂ ತಡ. ಆದರೆ ಆ ಖಾಲಿ ಹೊತ್ತಿನಲ್ಲಿ ಯಾರೂ ಬಯ್ಯುವುದಿಲ್ಲ. ಕೋಲು ಇನ್ನೂ ಖಾಲಿ ಕಾಗದದ ಮೇಲಿದೆ ಎಂದು ಕಾಯುತ್ತಾರೆ.